ಒಂದು ನಗರ, ಹಲವು ಯಂತ್ರಗಳು: ಸೈಬರ್‌ಪಂಕ್ 2077 ಎಡವಿದ್ದು ಎಲ್ಲಿ?

2020ರ ಡಿಸೆಂಬರ್ 10ರಂದು ಸೈಬರ್‌ಪಂಕ್ 2077 ಎಂಬ ವೀಡಿಯೊ ಗೇಮ್ ಪಿಸಿ, ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಮತ್ತು ಗೂಗಲ್‌ನ ಅಂತರ್ಜಾಲ ಗೇಮ್ ಸೇವೆ ಸ್ಟೇಡಿಯಾ ಈ ನಾಲ್ಕರಲ್ಲೂ ಒಟ್ಟಿಗೆ ಬಿಡುಗಡೆಯಾಯಿತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಮಾರುಕಟ್ಟೆಗೆ ಬಂದಿದ್ದ ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಸೀರೀಸ್ ಎಸ್ ಯಂತ್ರಗಳಿಗೆ ಪ್ರತ್ಯೇಕ ಆವೃತ್ತಿ ಇರಲಿಲ್ಲ. ಹಳೆಯ ಕನ್ಸೋಲ್‌ಗಳ ಆವೃತ್ತಿಯನ್ನೇ ಅವು ಓಡಿಸುತ್ತಿದ್ದವು. ಹಳೆಯ ಕನ್ಸೋಲ್‌ಗಳಲ್ಲಿ ಗೇಮ್ ಸರಿಯಾಗಿ ಓಡಲಿಲ್ಲ. ಡಿಸೆಂಬರ್ 18ರ ಹೊತ್ತಿಗೆ ಸೋನಿ ಕಂಪನಿ ಈ ಗೇಮನ್ನು ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದಲೇ ತೆಗೆದುಹಾಕಿ, ಕೊಂಡವರಿಗೆಲ್ಲ ಪೂರ್ತಿ ಹಣ ಮರಳಿಸುವುದಾಗಿ ಹೇಳಿತು. ಇಷ್ಟು ದೊಡ್ಡ ಗೇಮೊಂದು ಅಂಗಡಿಯ ಕಪಾಟಿನಿಂದ ಹೀಗೆ ಕಾಣೆಯಾದದ್ದು ಅಪರೂಪ. ಅದೇ ವಾರ ಒಳ್ಳೆಯ ಪಿಸಿ ಇದ್ದವರು ಅದೇ ಗೇಮಿನ ಮಳೆ ನೆನೆದ ಬೀದಿಗಳ ಚಿತ್ರಗಳನ್ನು ಹಂಚಿಕೊಂಡು ಬೆರಗುಪಡುತ್ತಿದ್ದರು.

ಪಿಸಿಯವರು, ಹಳೆಯ ಕನ್ಸೋಲಿನವರು ಇಬ್ಬರೂ ನೋಡುತ್ತಿದ್ದದ್ದು ಒಂದೇ ಗೇಮ್ ಎಂದು ನಂಬುವುದೇ ಕಷ್ಟವಾಗಿತ್ತು. ಯಂತ್ರದಿಂದ ಯಂತ್ರಕ್ಕೆ ಗೇಮನ್ನು ಹೋಲಿಸುವವರಿಗೆ ಇದಕ್ಕಿಂತ ಸಮೃದ್ಧವಾದ ಪ್ರಕರಣ ಸಿಗಲಾರದು. ಆದರೆ ಆ ದಿನಗಳಲ್ಲಿ ನಡೆದ ಹೋಲಿಕೆಗಳಲ್ಲಿ ಬಹುಪಾಲು ನಿಂತ ಚಿತ್ರಗಳ ಹೋಲಿಕೆ: ಎಡಕ್ಕೆ ಪಿಸಿ, ಬಲಕ್ಕೆ ಪ್ಲೇಸ್ಟೇಷನ್ 4, ನಡುವೆ ಒಂದು ಬಿಳಿ ಗೆರೆ. ಆ ಬಿಳಿ ಗೆರೆ ನಿಜವಾದ ರೋಗವನ್ನು ತೋರಿಸಲಿಲ್ಲ ಎಂಬುದು ನನ್ನ ವಾದ. ನಗರ ನಿಂತಿದ್ದಾಗ ಗೇಮ್ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಅದು ಕೆಟ್ಟದ್ದು ಆಟಗಾರ ಓಡತೊಡಗಿದಾಗ.

ಬಿಡುಗಡೆಗೆ ಮುಂಚೆ ಯಾರು ಏನನ್ನು ನೋಡಿದ್ದರು

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ ಈ ಗೇಮನ್ನು ಘೋಷಿಸಿದ್ದು 2012ರಲ್ಲಿ. ಅಂದರೆ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಮಾರಾಟಕ್ಕೆ ಬರುವುದಕ್ಕೂ ಒಂದು ವರ್ಷ ಮುಂಚೆ. 2019ರಲ್ಲಿ ಕೊಟ್ಟ ಬಿಡುಗಡೆಯ ದಿನಾಂಕ 2020ರ ಏಪ್ರಿಲ್ 16. ಅದು ಸೆಪ್ಟೆಂಬರ್ 17ಕ್ಕೆ ಹೋಯಿತು, ಆಮೇಲೆ ನವೆಂಬರ್ 19ಕ್ಕೆ, ಕೊನೆಗೆ ಡಿಸೆಂಬರ್ 10ಕ್ಕೆ. ಕೊನೆಯ ಮುಂದೂಡಿಕೆ ಬಂದದ್ದು ಗೇಮ್ ಸಿದ್ಧವಾಗಿದೆ ಎಂದು ಅಧಿಕೃತವಾಗಿ ಸಾರಿದ ಮೇಲೆ. ಹಳೆಯ ಕನ್ಸೋಲ್‌ಗಳ ಮೇಲಿನ ಸಂಶಯ ಆಗಲೇ ಇತ್ತು. ಬಿಡುಗಡೆಗೆ ಕೆಲವು ವಾರ ಮೊದಲು ಹೂಡಿಕೆದಾರರ ಮುಂದೆ ಮಾತಾಡಿದ ಸಂಸ್ಥೆಯ ಮುಖ್ಯಸ್ಥ ಆಡಮ್ ಕಿಚಿನ್‌ಸ್ಕಿ, ಇಷ್ಟು ದೊಡ್ಡ ಜಗತ್ತಿನ ಗೇಮ್ ಸಾಧಾರಣ ಕನ್ಸೋಲ್‌ಗಳಲ್ಲಿ ಅಚ್ಚರಿಯಾಗುವಷ್ಟು ಚೆನ್ನಾಗಿ ಓಡುತ್ತಿದೆ ಎಂಬರ್ಥದ ಭರವಸೆ ಕೊಟ್ಟಿದ್ದರು.

ವಿಮರ್ಶಕರ ಕೈಗೆ ಮುಂಚಿತವಾಗಿ ಬಂದದ್ದು ಪಿಸಿ ಪ್ರತಿ ಮಾತ್ರ. ತಾವು ಆಡುವಾಗ ಸೆರೆಹಿಡಿದ ವೀಡಿಯೊವನ್ನು ಬಿಡುಗಡೆಯ ದಿನದವರೆಗೆ ತೋರಿಸುವಂತಿರಲಿಲ್ಲ. ಸಂಸ್ಥೆಯೇ ಒದಗಿಸಿದ ದೃಶ್ಯಗಳನ್ನು ಬಳಸಬೇಕಿತ್ತು. ಆ ವೇಳೆಗೆ ಮುಂಗಡವಾಗಿ ಮಾರಾಟವಾಗಿದ್ದ ಪ್ರತಿಗಳು 80 ಲಕ್ಷ, ಅದರಲ್ಲಿ ಶೇಕಡಾ 59 ಪಿಸಿಗೆ. ಉಳಿದ ಶೇಕಡಾ 41 ಮಂದಿ ತಮ್ಮ ಯಂತ್ರದಲ್ಲಿ ಗೇಮ್ ಹೇಗೆ ಕಾಣುತ್ತದೆ ಎಂಬುದರ ಸ್ವತಂತ್ರ ಸಾಕ್ಷ್ಯ ಒಂದೂ ಇಲ್ಲದೆ ಹಣ ಕೊಟ್ಟಿದ್ದರು. ಹೋಲಿಕೆ ಮಾಡುವುದು ವ್ಯರ್ಥ ಹವ್ಯಾಸ, ಪಿಕ್ಸೆಲ್ ಎಣಿಸುವವರಿಗೆ ಬೇರೆ ಕೆಲಸವಿಲ್ಲ ಎಂದು ಮೂಗು ಮುರಿಯುವವರು ಈ ಒಂದು ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ಅಳೆದವರಿಗೆ ಸಿಕ್ಕಿದ್ದು

ಕನ್ಸೋಲ್‌ಗಳ ತಾಂತ್ರಿಕ ಹೋಲಿಕೆಗೆ ಹೆಸರಾದ ಡಿಜಿಟಲ್ ಫೌಂಡ್ರಿ ತಂಡ ಬಿಡುಗಡೆಯಾದ ಕೂಡಲೇ ಅಳೆದು ನೋಡಿತು. ಸಾಧಾರಣ ಪ್ಲೇಸ್ಟೇಷನ್ 4ರಲ್ಲಿ ರೆಸಲ್ಯೂಷನ್, ಅಂದರೆ ಚಿತ್ರದ ಪಿಕ್ಸೆಲ್ ಸಾಲುಗಳ ಎಣಿಕೆ, 720ಪಿಯಿಂದ 900ಪಿ ನಡುವೆ ಏರಿಳಿಯುತ್ತಿತ್ತು. ಗುರಿ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ. ಸಿಗುತ್ತಿದ್ದದ್ದು ಹಲವು ಕಡೆ ಇಪ್ಪತ್ತರ ಆಸುಪಾಸು, ಹದಗೆಟ್ಟಲ್ಲಿ 15ರ ಹತ್ತಿರ. ಸಾಧಾರಣ ಎಕ್ಸ್‌ಬಾಕ್ಸ್ ಒನ್ ಅದಕ್ಕಿಂತ ಹಿಂದೆ. ಇವೆರಡರ ಹೆಚ್ಚು ಬಲದ ರೂಪಗಳಾದ ಪ್ಲೇಸ್ಟೇಷನ್ 4 ಪ್ರೊ ಮತ್ತು ಎಕ್ಸ್‌ಬಾಕ್ಸ್ ಒನ್ ಎಕ್ಸ್ ಯಂತ್ರಗಳು ಹೆಚ್ಚು ಸ್ಪಷ್ಟವಾದ ಚಿತ್ರ ಕೊಟ್ಟವು, ಆದರೂ 30ರ ಗುರಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿಲ್ಲ.

ಈ ಅಂಕಿಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಅವುಗಳ ಮಿತಿಯೂ ಅಲ್ಲೇ ಇದೆ. ಟಿವಿಗೆ ಹೋಗುವ ಸಂಕೇತ ಸಾಮಾನ್ಯವಾಗಿ 1080ಪಿ ಅಥವಾ 4ಕೆ; ಒಳಗೆ ಗೇಮ್ ಎಷ್ಟು ಪಿಕ್ಸೆಲ್‌ಗಳಲ್ಲಿ ಚಿತ್ರ ಬಿಡಿಸಿತು ಎಂಬುದನ್ನು ಯಂತ್ರ ಹೇಳುವುದಿಲ್ಲ. ಹಾಗಾಗಿ ಚಿತ್ರದಲ್ಲಿ ತುಸು ಓರೆಯಾದ ಅಂಚೊಂದನ್ನು, ಮೆಟ್ಟಿಲ ಪಕ್ಕದ ಕಂಬಿಯನ್ನೋ ವಿದ್ಯುತ್ ತಂತಿಯನ್ನೋ ಹುಡುಕಬೇಕು. ಅದನ್ನು ದೊಡ್ಡದು ಮಾಡಿದರೆ ಗರಗಸದ ಹಲ್ಲುಗಳಂತೆ ಮೆಟ್ಟಿಲುಗಳು ಕಾಣುತ್ತವೆ. 1080 ಸಾಲುಗಳ ಚಿತ್ರದಲ್ಲಿ 90 ಸಾಲುಗಳ ಎತ್ತರದೊಳಗೆ 60 ಮೆಟ್ಟಿಲು ಮಾತ್ರ ಇದ್ದರೆ, ಒಳಗಿನ ಚಿತ್ರ ಮೂರನೆಯ ಎರಡು ಭಾಗ, ಅಂದರೆ 720 ಸಾಲು. ಈಗಿನ ಗೇಮ್‌ಗಳು ಹಿಂದಿನ ಫ್ರೇಮ್‌ಗಳ ಮಾಹಿತಿಯನ್ನು ಬೆರೆಸಿ ಅಂಚುಗಳನ್ನು ನಯಗೊಳಿಸುವುದರಿಂದ ಹಲ್ಲುಗಳು ಸುಲಭಕ್ಕೆ ಕಾಣುವುದಿಲ್ಲ. ಅದಕ್ಕೆ ಎಣಿಸುವವರು ಕ್ಯಾಮೆರಾ ಥಟ್ಟನೆ ಬೇರೆ ಕೋನಕ್ಕೆ ಜಿಗಿದ ಕ್ಷಣದ ಮೊದಲ ಫ್ರೇಮನ್ನು ಹಿಡಿಯುತ್ತಾರೆ. ಆ ಒಂದು ಫ್ರೇಮಿಗೆ ಬೆರೆಸಿಕೊಳ್ಳಲು ಹಿಂದಿನದೇನೂ ಇರುವುದಿಲ್ಲ. ಗೇಮ್ ತನ್ನ ನಿಜರೂಪದಲ್ಲಿ ಸಿಕ್ಕಿಬೀಳುತ್ತದೆ.

ಫ್ರೇಮ್ ದರದ ಲೆಕ್ಕ ಇನ್ನೂ ಸರಳ. ಸೆಕೆಂಡಿಗೆ 60 ಚಿತ್ರ ಸೆರೆಹಿಡಿದು, ಒಂದೇ ಚಿತ್ರ ಎಷ್ಟು ಸಲ ಮರುಕಳಿಸಿತೆಂದು ನೋಡುವುದು. ಪ್ರತಿ ಚಿತ್ರ ಎರಡು ಸಲ ಬಂದರೆ 30 ಫ್ರೇಮ್, ಮೂರು ಸಲ ಬಂದರೆ 20, ನಾಲ್ಕು ಸಲವಾದರೆ 15. ಕಾಲದ ಲೆಕ್ಕದಲ್ಲಿ ಹೇಳುವುದಾದರೆ ಒಂದು ಫ್ರೇಮಿಗೆ 33 ಮಿಲಿಸೆಕೆಂಡ್, 50 ಮಿಲಿಸೆಕೆಂಡ್, 67 ಮಿಲಿಸೆಕೆಂಡ್. ನನ್ನ ಮಟ್ಟಿಗೆ ಈ ಎರಡನೆಯ ರೀತಿಯೇ ಹೆಚ್ಚು ಪ್ರಾಮಾಣಿಕ. ಸರಾಸರಿ 23 ಫ್ರೇಮ್ ಎಂದರೆ ಏನೂ ಗೊತ್ತಾಗುವುದಿಲ್ಲ. ಎರಡು, ಎರಡು, ನಾಲ್ಕು, ಎರಡು, ಮೂರು ಎಂಬ ಸರಣಿಯನ್ನು ನೋಡಿದರೆ ಗುರಿಯಿಟ್ಟ ಬಂದೂಕು ಕೈಯಲ್ಲಿ ಏಕೆ ಮುಗ್ಗರಿಸಿತೆಂದು ತಕ್ಷಣ ತಿಳಿಯುತ್ತದೆ.

ರೆಸಲ್ಯೂಷನ್ ತಾನಾಗಿ ಏರಿಳಿಯುವ ವ್ಯವಸ್ಥೆ ಈ ಗೇಮಿನಲ್ಲಿ ಇತ್ತು ಎಂಬುದನ್ನು ಗಮನಿಸಬೇಕು. ಗ್ರಾಫಿಕ್ಸ್ ಚಿಪ್‌ಗೆ ಹೊರೆ ಹೆಚ್ಚಾದರೆ ಗೇಮ್ ಪಿಕ್ಸೆಲ್‌ಗಳನ್ನು ಕಡಿಮೆ ಮಾಡಿ ಸಮಯಕ್ಕೆ ಸರಿಯಾಗಿ ಫ್ರೇಮ್ ಮುಗಿಸಲು ನೋಡುತ್ತದೆ. 900ಪಿ ಎಂದರೆ 14 ಲಕ್ಷದ 40 ಸಾವಿರ ಪಿಕ್ಸೆಲ್. 720ಪಿ ಎಂದರೆ 9 ಲಕ್ಷದ 21 ಸಾವಿರದಷ್ಟು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೊರೆ ಇಳಿಸಿದಂತಾಯಿತು. ಇಷ್ಟು ಇಳಿಸಿದ ಮೇಲೂ ಫ್ರೇಮ್ ದರ ಅರ್ಧಕ್ಕೆ ಬೀಳುತ್ತಿದೆ ಎಂದರೆ, ಅದೂ ವಾಹನ ಓಡಿಸುವಾಗ ಮತ್ತು ಜನಸಂದಣಿಯ ನಡುವೆ ನುಗ್ಗುವಾಗ ಬೀಳುತ್ತಿದೆ ಎಂದರೆ, ತಪ್ಪಿತಸ್ಥನನ್ನು ಗ್ರಾಫಿಕ್ಸ್ ಚಿಪ್ ಒಂದರಲ್ಲೇ ಹುಡುಕಿದರೆ ಸಾಲದು.

ಕಾರು ಓಡುವಾಗ

ಗೇಮಿನ ನಗರವಾದ ನೈಟ್ ಸಿಟಿಯ ವಾಟ್ಸನ್ ಪ್ರದೇಶದ ಒಂದು ಬೀದಿಯನ್ನು ತೆಗೆದುಕೊಳ್ಳೋಣ. ಪಾದಚಾರಿ ದಾರಿಯಲ್ಲಿ ಸುಮ್ಮನೆ ನಿಂತರೆ ಹಳೆಯ ಕನ್ಸೋಲ್‌ನಲ್ಲೂ ಗೋಡೆಯ ಮೇಲಿನ ಭಿತ್ತಿಚಿತ್ರಗಳು, ನಿಯಾನ್ ಫಲಕಗಳು, ಒದ್ದೆ ನೆಲದ ಹೊಳಪು ಎಲ್ಲವೂ ಇರುತ್ತವೆ, ಮಸುಕಾಗಿಯಾದರೂ. ಈಗ ಕಾರು ಹತ್ತಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊರಟರೆ ಸೆಕೆಂಡಿಗೆ ಸುಮಾರು 28 ಮೀಟರ್ ದಾರಿ ಸರಿಯುತ್ತದೆ. ಪ್ರತಿ ಸೆಕೆಂಡಿಗೂ ಹೊಸ ಅಂಗಡಿ ಮುಂಗಟ್ಟುಗಳು, ಹೊಸ ಮುಖಗಳು, ಹೊಸ ವಾಹನಗಳು ಬೇಕು. ಬಿಡುಗಡೆಯ ಆವೃತ್ತಿಯಲ್ಲಿ ಆಗುತ್ತಿದ್ದದ್ದು ಇದು: ಕಟ್ಟಡಗಳು ಮೊದಲು ನುಣುಪಾದ, ವಿವರವಿಲ್ಲದ ದಿಮ್ಮಿಗಳಾಗಿ ಕಾಣಿಸಿಕೊಳ್ಳುತ್ತಿದ್ದವು, ಆಟಗಾರ ಅವುಗಳ ಪಕ್ಕಕ್ಕೆ ಬಂದ ಮೇಲೆ, ಕೆಲವೊಮ್ಮೆ ದಾಟಿಹೋದ ಮೇಲೆ, ಅವಕ್ಕೆ ಕಿಟಕಿಗಳು ಮೂಡುತ್ತಿದ್ದವು. ರಸ್ತೆಯಲ್ಲಿ ಜನ ವಿರಳವಾಗುತ್ತಿದ್ದರು. ಎದುರಿನ ವಾಹನಗಳು ಒಮ್ಮೆಲೇ ಪ್ರತ್ಯಕ್ಷವಾಗುತ್ತಿದ್ದವು. ಇವುಗಳ ಜೊತೆಗೆ ಫ್ರೇಮ್‌ಗಳು ಮುಗ್ಗರಿಸುತ್ತಿದ್ದವು.

ಪ್ಲೇಸ್ಟೇಷನ್ 4ರ ಒಳಗಿದ್ದದ್ದು ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಸೆಕೆಂಡಿಗೆ 90 ಸುತ್ತು. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ತಟ್ಟೆಯ ಎಲ್ಲೋ ಇದೆ, ಓದುವ ಮುಳ್ಳು ಅಲ್ಲಿಗೆ ಸರಿಯಬೇಕು, ಆಮೇಲೆ ಆ ಜಾಗ ಮುಳ್ಳಿನ ಕೆಳಗೆ ಬರುವವರೆಗೆ ಕಾಯಬೇಕು. ಹೀಗೆ ಒಂದೊಂದು ಚದುರಿದ ತುಣುಕನ್ನು ಹುಡುಕಲು ಹತ್ತರಿಂದ ಹದಿನೈದು ಮಿಲಿಸೆಕೆಂಡ್ ಹಿಡಿಯುವುದು ಮಾಮೂಲು. 30 ಫ್ರೇಮ್‌ನ ಲೆಕ್ಕದಲ್ಲಿ ಒಂದು ಫ್ರೇಮಿಗೆ ಇರುವುದೇ 33 ಮಿಲಿಸೆಕೆಂಡ್. ಅಂದರೆ ಒಂದು ಫ್ರೇಮಿನ ಅವಧಿಯಲ್ಲಿ ಡಿಸ್ಕ್ ಎರಡು ಮೂರು ಕಡೆಗೆ ಹೋಗಿ ಬರುವುದೇ ಹೆಚ್ಚು. ಕಣಜದ ತುಂಬ ಭತ್ತವಿದ್ದರೂ ಬಾಗಿಲು ಕಿರಿದಾದರೆ ಒಕ್ಕಲಿಗೆ ಏನು ಲಾಭ? ಇದೇ ಕಾರಣಕ್ಕೆ ಹಾರ್ಡ್ ಡಿಸ್ಕ್ ಕಾಲದ ಗೇಮ್‌ಗಳು ಒಂದೇ ವಸ್ತುವನ್ನು ಹಲವು ಕಡೆ ನಕಲು ಮಾಡಿ ಇಡುತ್ತಿದ್ದವು, ಉದ್ದನೆಯ ಲಿಫ್ಟ್ ಪ್ರಯಾಣಗಳನ್ನೂ ಇಕ್ಕಟ್ಟಾದ ಸುರಂಗಗಳನ್ನೂ ದಾರಿಗೆ ಅಡ್ಡ ಇಡುತ್ತಿದ್ದವು. ನೈಟ್ ಸಿಟಿಯ ಹೆಮ್ಮೆಯೇ ಅಂಥ ತಡೆಗಳಿಲ್ಲದೆ ಊರಿಡೀ ಸುತ್ತಬಹುದು ಎಂಬುದು. ಗೋಪುರಗಳು ಒಂದರ ಮೇಲೊಂದು, ಸೇತುವೆಯ ಕೆಳಗೆ ಸಂತೆ, ಸಂತೆಯ ಮೇಲೆ ರಸ್ತೆ. ಒಂದೇ ಕಣ್ಣೋಟಕ್ಕೆ ಎಟಕುವ ವಸ್ತುಗಳ ಸಾಂದ್ರತೆ ಅಷ್ಟು ಹೆಚ್ಚು.

ಹಾಗೆಂದು ಎಲ್ಲ ಹೊರೆಯನ್ನೂ ಡಿಸ್ಕಿನ ತಲೆಗೆ ಕಟ್ಟುವುದೂ ಅನ್ಯಾಯ. ಪ್ಲೇಸ್ಟೇಷನ್ 4ರ ಪ್ರೊಸೆಸರ್‌ನಲ್ಲಿ ಎಂಟು ಜಾಗ್ವಾರ್ ಕೋರ್‌ಗಳಿದ್ದವು, ವೇಗ 1.6 ಗಿಗಾಹರ್ಟ್ಸ್. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಅವೇ ಕೋರ್‌ಗಳು, 1.75 ಗಿಗಾಹರ್ಟ್ಸ್. ಕಡಿಮೆ ವಿದ್ಯುತ್ತಿನ ಲ್ಯಾಪ್‌ಟಾಪ್‌ಗಳಿಗೂ ಟ್ಯಾಬ್ಲೆಟ್‌ಗಳಿಗೂ ರೂಪಿಸಿದ ಕೋರ್‌ಗಳವು, 2013ರಲ್ಲೇ ಯಾರೂ ಅವನ್ನು ಬಲಿಷ್ಠ ಎಂದಿರಲಿಲ್ಲ. ಡಿಸ್ಕಿನಿಂದ ಬಂದ, ಕುಗ್ಗಿಸಿಟ್ಟ ಮಾಹಿತಿಯನ್ನು ಮೂಲರೂಪಕ್ಕೆ ತರುವುದು, ಜನಸಂದಣಿಯ ಪ್ರತಿಯೊಬ್ಬನ ನಡಿಗೆಯನ್ನು ನಿರ್ಧರಿಸುವುದು, ವಾಹನಗಳ ಭೌತಶಾಸ್ತ್ರ, ಗ್ರಾಫಿಕ್ಸ್ ಚಿಪ್‌ಗೆ ಏನು ಬಿಡಿಸಬೇಕೆಂದು ಪಟ್ಟಿ ಮಾಡಿಕೊಡುವುದು ಎಲ್ಲವೂ ಈ ಬಡಪಾಯಿಗಳ ಪಾಲಿಗೆ. ಮೆಮೊರಿ 8 ಜಿಬಿ ಎಂದು ಕಾಗದದ ಮೇಲಿದ್ದರೂ ವ್ಯವಸ್ಥೆಯ ಪಾಲು ಕಳೆದು ಗೇಮಿಗೆ ಉಳಿಯುತ್ತಿದ್ದದ್ದು ಸುಮಾರು 5 ಜಿಬಿ. ಮೆಮೊರಿ ದೊಡ್ಡದಿದ್ದರೆ ಬೀದಿಯ ಹೆಚ್ಚು ಭಾಗವನ್ನು ಮೊದಲೇ ತಂದಿಟ್ಟುಕೊಂಡು ಡಿಸ್ಕಿನ ನಿಧಾನವನ್ನು ಮರೆಮಾಚಬಹುದಿತ್ತು, ಅದೂ ಇರಲಿಲ್ಲ. ಎಕ್ಸ್‌ಬಾಕ್ಸ್ ಒನ್ ಎಕ್ಸ್‌ನಲ್ಲಿ 12 ಜಿಬಿ ಮೆಮೊರಿ, 6 ಟೆರಾಫ್ಲಾಪ್‌ನ (ಚಿಪ್ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡಬಲ್ಲದು ಎಂಬುದರ ಅಳತೆ) ಗ್ರಾಫಿಕ್ಸ್ ಚಿಪ್ ಇತ್ತು, ಸಾಧಾರಣ ಎಕ್ಸ್‌ಬಾಕ್ಸ್ ಒನ್‌ನ 1.31ಕ್ಕೆ ಹೋಲಿಸಿದರೆ ನಾಲ್ಕು ಪಟ್ಟಿಗೂ ಹೆಚ್ಚು. ಪ್ರೊಸೆಸರ್ ಮಾತ್ರ ಅದೇ ಜಾಗ್ವಾರ್ ವಂಶದ್ದು, 2.3 ಗಿಗಾಹರ್ಟ್ಸ್‌ಗೆ ಏರಿಸಿದ್ದು, ಡಿಸ್ಕ್ ಅದೇ ತಿರುಗುವ ತಟ್ಟೆ. ಚಿತ್ರ ಚುರುಕಾಯಿತು, ಓಟ ಅದಕ್ಕೆ ತಕ್ಕಂತೆ ಸುಧಾರಿಸಲಿಲ್ಲ. ಎಲ್ಲಿ ಗಂಟು ಬಿದ್ದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ.

ಸಂಸ್ಥೆ ಒಪ್ಪಿಕೊಂಡದ್ದು

ಡಿಸೆಂಬರ್ 14ರಂದು ಸಿಡಿ ಪ್ರಾಜೆಕ್ಟ್ ಕ್ಷಮೆ ಕೇಳಿತು. ಬಿಡುಗಡೆಗೆ ಮುಂಚೆ ಹಳೆಯ ಕನ್ಸೋಲ್‌ಗಳ ದೃಶ್ಯ ತೋರಿಸದಿದ್ದದ್ದು ತಪ್ಪು ಎಂದು ಹೇಳಿ, ಜನವರಿ ಮತ್ತು ಫೆಬ್ರವರಿಯಲ್ಲಿ ದೋಷ ತಿದ್ದುವ ಎರಡು ದೊಡ್ಡ ಪ್ಯಾಚ್‌ಗಳ ಮಾತು ಕೊಟ್ಟಿತು. ಹಳೆಯ ಕನ್ಸೋಲ್‌ಗಳ ಆವೃತ್ತಿಗೆ ಹೆಚ್ಚು ಸಮಯ ಬೇಕೆಂಬ ಸೂಚನೆಗಳನ್ನು ಆಡಳಿತ ಮಂಡಳಿ ಕಡೆಗಣಿಸಿತ್ತೆಂದು ಅದೇ ದಿನ ಹೂಡಿಕೆದಾರರ ಮುಂದೆಯೂ ಒಪ್ಪಿಕೊಂಡಿತು.

ಹೋಲಿಕೆಯ ದೃಷ್ಟಿಯಿಂದ ಮುಖ್ಯವಾದದ್ದು 2021ರ ಜನವರಿ 13ರ ವೀಡಿಯೊ. ಸಹ ಸ್ಥಾಪಕ ಮಾರ್ಚಿನ್ ಇವಿನ್‌ಸ್ಕಿ ಅದರಲ್ಲಿ ಹೇಳಿದ್ದರ ತಿರುಳು ಇಷ್ಟು: ಗೇಮನ್ನು ಮೊದಲು ಪಿಸಿಯಲ್ಲಿ ಭವ್ಯವಾಗಿ ಕಾಣುವಂತೆ ಕಟ್ಟಿ, ಆಮೇಲೆ ಕನ್ಸೋಲ್‌ಗಳಿಗೆ ಹೊಂದಿಸಲು ಹೊರಟೆವು, ಹಳೆಯ ಕನ್ಸೋಲ್‌ಗಳಿಗಾಗಿ, ಆಟದ ನಡುವೆಯೇ ಮಾಹಿತಿಯನ್ನು ತರುವ ವ್ಯವಸ್ಥೆಯನ್ನು ಸತತವಾಗಿ ಸುಧಾರಿಸಬೇಕಾಯಿತು, ಆ ಕೆಲಸದ ಕಷ್ಟವನ್ನು ಕಡಿಮೆ ಅಂದಾಜು ಮಾಡಿದೆವು. ಮಾಹಿತಿಯ ಹರಿವೇ ಮುಖ್ಯ ಅಡಚಣೆ ಎಂದು ಗೇಮ್ ಕಟ್ಟಿದವರೇ ಹೇಳಿದಂತಾಯಿತು. ಬಿಳಿ ಗೆರೆಯ ಎರಡೂ ಬದಿಯ ಚಿತ್ರಗಳನ್ನು ನಾನೂರು ಪಟ್ಟು ಹಿಗ್ಗಿಸಿ ಗೋಡೆಯ ಬಿರುಕು ಎಣಿಸುತ್ತಿದ್ದವರಿಗೆ ಈ ಮಾತು ಎಷ್ಟರಮಟ್ಟಿಗೆ ತಲುಪಿತೋ ಕಾಣೆ.

ಅದೇ ವೀಡಿಯೊದಲ್ಲಿ ಇನ್ನೊಂದು ಮಾತೂ ಇತ್ತು: ಆಟಗಾರರು ಎದುರಿಸಿದ ತೊಂದರೆಗಳಲ್ಲಿ ದೊಡ್ಡ ಪಾಲು ತಮ್ಮ ಪರೀಕ್ಷೆಗಳಲ್ಲಿ ಕಾಣಿಸಿಕೊಂಡಿರಲಿಲ್ಲ ಎಂದು. ಇದನ್ನು ನಾನು ಪೂರ್ತಿ ಒಪ್ಪಲಾರೆ. ಕಾರು ಹತ್ತಿ ಎರಡು ಬೀದಿ ದಾಟಿದರೆ ಕಾಣುವ ದೋಷ ಪರೀಕ್ಷಕರ ಕಣ್ಣಿಗೆ ಬೀಳಲಿಲ್ಲವೆಂದರೆ ಪರೀಕ್ಷೆ ನಡೆದದ್ದು ಹೇಗೆ ಎಂಬ ಪ್ರಶ್ನೆ ಏಳುತ್ತದೆ.

ಮಾರಾಟಕ್ಕೆ ಮಾತ್ರ ಇದರಿಂದ ದೊಡ್ಡ ಪೆಟ್ಟೇನೂ ಬೀಳಲಿಲ್ಲ. 2020ರ ಕೊನೆಗೆ 1 ಕೋಟಿ 37 ಲಕ್ಷ ಪ್ರತಿಗಳು ಹೋಗಿದ್ದವು. ಪ್ಲೇಸ್ಟೇಷನ್ ಸ್ಟೋರ್‌ಗೆ ಗೇಮ್ ಮರಳಿದ್ದು 2021ರ ಜೂನ್ 21ರಂದು, ಪ್ಲೇಸ್ಟೇಷನ್ 4ರಲ್ಲಿ ಇನ್ನೂ ತೊಂದರೆ ಕಾಣಬಹುದು, ಪ್ರೊ ಅಥವಾ ಪ್ಲೇಸ್ಟೇಷನ್ 5ರಲ್ಲಿ ಆಡುವುದು ಒಳಿತು ಎಂಬ ಎಚ್ಚರಿಕೆಯ ಜೊತೆಗೆ. ತಾನು ಮಾರುವ ಸರಕಿನ ಪಕ್ಕದಲ್ಲೇ ಇದನ್ನು ಕೊಳ್ಳದಿದ್ದರೆ ಮೇಲು ಎಂದು ಬರೆದ ಅಂಗಡಿ!

ಪಿಸಿ ಎಂದರೆ ಯಾವ ಪಿಸಿ?

ಪಿಸಿಯಲ್ಲಿ ಎಲ್ಲವೂ ಸುಖವಾಗಿತ್ತು ಎಂದು ಯಾರಾದರೂ ಹೇಳಿದರೆ ಅವರ ಪಿಸಿ ಯಾವುದೆಂದು ಕೇಳಬೇಕು. ಬಿಡುಗಡೆಯಲ್ಲಿ ಎಎಂಡಿ ರೈಜನ್ ಪ್ರೊಸೆಸರ್‌ಗಳ ಎಲ್ಲ ಥ್ರೆಡ್‌ಗಳನ್ನು (ಏಕಕಾಲಕ್ಕೆ ನಡೆಯಬಲ್ಲ ಕೆಲಸದ ಎಳೆಗಳನ್ನು) ಗೇಮ್ ಸರಿಯಾಗಿ ಬಳಸುತ್ತಿರಲಿಲ್ಲ. ಆಟಗಾರರೇ ಗೇಮಿನ ಕಡತದೊಳಗಿನ ಒಂದೆರಡು ಅಂಕಿಗಳನ್ನು ತಿದ್ದಿ ಫ್ರೇಮ್ ದರ ಏರಿಸಿಕೊಂಡರು. ಆಮೇಲೆ ಬಂದ 1.05 ಪ್ಯಾಚ್ ನಾಲ್ಕು ಮತ್ತು ಆರು ಕೋರ್‌ಗಳ ರೈಜನ್‌ಗಳಿಗೆ ಅಧಿಕೃತ ಪರಿಹಾರ ಕೊಟ್ಟಿತು. ಆಗಿನ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿ ಇದ್ದದ್ದು ಜಿಟಿಎಕ್ಸ್ 780 ಕಾರ್ಡ್, 8 ಜಿಬಿ ಮೆಮೊರಿ ಮತ್ತು ಹಾರ್ಡ್ ಡಿಸ್ಕ್. ಅಂಥ ಪಿಸಿ ಇದ್ದವನ ಅನುಭವಕ್ಕೂ ಬಿಡುಗಡೆಯ ಜಾಹೀರಾತಿನ ಚಿತ್ರಗಳಿಗೂ ನಂಟಿರಲಿಲ್ಲ.

ಕನ್ಸೋಲ್ ಮತ್ತು ಪಿಸಿಯನ್ನು ನ್ಯಾಯವಾಗಿ ಹೋಲಿಸುವ ದಾರಿ ಒಂದೇ: ಕನ್ಸೋಲ್‌ನಲ್ಲಿ ನೆರಳು, ಪ್ರತಿಬಿಂಬ, ಜನಸಂದಣಿ ಇವೆಲ್ಲ ಯಾವ ಮಟ್ಟದಲ್ಲಿವೆಯೆಂದು ಪಿಸಿಯ ಆಯ್ಕೆಗಳನ್ನು ಒಂದೊಂದಾಗಿ ಬದಲಿಸುತ್ತ ಪತ್ತೆ ಹಚ್ಚಿ, ಪಿಸಿಯನ್ನೂ ಅದೇ ಮಟ್ಟಕ್ಕಿಳಿಸಿ, ಆಮೇಲೆ ಫ್ರೇಮ್ ಎಣಿಸುವುದು. ಬೇಸರದ ಕೆಲಸ, ವೀಕ್ಷಕರಿಗೂ ಅಷ್ಟು ರುಚಿಸುವುದಿಲ್ಲ. ಎಲ್ಲ ಗುಂಡಿಗಳನ್ನೂ ಗರಿಷ್ಠಕ್ಕೆ ತಿರುಗಿಸಿದ ಪಿಸಿಯ ಚಿತ್ರವೇ ಹೆಚ್ಚು ಹಂಚಿಕೆಯಾಗುತ್ತದೆ.

2022ರ ಫೆಬ್ರವರಿ 15ರ 1.5 ಪ್ಯಾಚ್ ಹೊಸ ಕನ್ಸೋಲ್‌ಗಳಿಗೆ ಅವುಗಳದೇ ಆವೃತ್ತಿ ತಂದಿತು. ಪ್ಲೇಸ್ಟೇಷನ್ 5 ಮತ್ತು ಸೀರೀಸ್ ಎಕ್ಸ್‌ನಲ್ಲಿ 60 ಫ್ರೇಮ್‌ನ ಒಂದು ವಿಧಾನ, ರೇ ಟ್ರೇಸಿಂಗ್ ನೆರಳುಗಳ (ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕಹಾಕಿ ಬಿಡಿಸಿದವು) ಜೊತೆ 30 ಫ್ರೇಮ್‌ನ ಇನ್ನೊಂದು. ಸೀರೀಸ್ ಎಸ್‌ಗೆ ಮೊದಲು 30 ಮಾತ್ರ. ಅದೇ ಸೆಪ್ಟೆಂಬರಿನ 1.6 ಪ್ಯಾಚ್ 900ಪಿ ಆಸುಪಾಸಿನಲ್ಲಿ 60ರ ವಿಧಾನ ಕೊಟ್ಟಿತು. ಗಮನಿಸಿ: ಸೀರೀಸ್ ಎಸ್‌ನ ಗ್ರಾಫಿಕ್ಸ್ ಚಿಪ್ 4 ಟೆರಾಫ್ಲಾಪ್, ಹಳೆಯ ಎಕ್ಸ್‌ಬಾಕ್ಸ್ ಒನ್ ಎಕ್ಸ್‌ನದು 6. ಕಾಗದದ ಮೇಲೆ ದುರ್ಬಲವಾದ ಯಂತ್ರ, ಬಲವಾದದ್ದಕ್ಕೆ 30 ಕೂಡ ದಕ್ಕದಿದ್ದ ಊರಿನಲ್ಲಿ 60ಕ್ಕೆ ಗುರಿಯಿಟ್ಟಿತು. ಅದಕ್ಕಿದ್ದದ್ದು ಜಾಗ್ವಾರ್‌ಗಿಂತ ಹೊಸದಾದ ಝೆನ್ 2 ಪ್ರೊಸೆಸರ್ ಮತ್ತು ಎಸ್‌ಎಸ್‌ಡಿ. ಪ್ಲೇಸ್ಟೇಷನ್ 5ರ ಎಸ್‌ಎಸ್‌ಡಿ ಸೆಕೆಂಡಿಗೆ 5.5 ಜಿಬಿ ಓದುತ್ತದೆ, ಸೀರೀಸ್ ಎಕ್ಸ್ ಮತ್ತು ಎಸ್‌ನವು 2.4 ಜಿಬಿ, ಸರಿಯುವ ಮುಳ್ಳಾಗಲಿ ತಿರುಗುವ ತಟ್ಟೆಯಾಗಲಿ ಇಲ್ಲ.

2023ರಲ್ಲಿ ಸಂಸ್ಥೆ ಪಿಸಿಯ ಕನಿಷ್ಠ ಅಗತ್ಯಗಳನ್ನು ಪರಿಷ್ಕರಿಸಿದಾಗ ಹಾರ್ಡ್ ಡಿಸ್ಕ್ ಪಟ್ಟಿಯಿಂದಲೇ ಹೊರಬಿತ್ತು, ಎಸ್‌ಎಸ್‌ಡಿ ಕಡ್ಡಾಯವಾಯಿತು. ಸೆಪ್ಟೆಂಬರ್ 21ಕ್ಕೆ 2.0 ಪ್ಯಾಚ್, 26ಕ್ಕೆ ಫ್ಯಾಂಟಮ್ ಲಿಬರ್ಟಿ ವಿಸ್ತರಣೆ. ಎರಡೂ ಹಳೆಯ ಕನ್ಸೋಲ್‌ಗಳಿಗೆ ಬರಲಿಲ್ಲ. ಅವುಗಳ ಪಾಲಿಗೆ 1.6 ಕೊನೆಯ ದೊಡ್ಡ ಪ್ಯಾಚ್ ಆಗಿ ಉಳಿಯಿತು.

ಎರಡು ಬಗೆಯ ಇಪ್ಪತ್ತು

2023ರ ಏಪ್ರಿಲ್‌ನಲ್ಲಿ ಪಿಸಿಗೆ ಬಂದ ರೇ ಟ್ರೇಸಿಂಗ್ ಓವರ್‌ಡ್ರೈವ್ ಈ ಪ್ರಕರಣದ ಅತ್ಯಂತ ತಮಾಷೆಯ ಘಟ್ಟ. ಬೆಳಕಿನ ಪ್ರತಿ ಕಿರಣದ ದಾರಿಯನ್ನು, ಅದು ಗೋಡೆಗೆ ಬಡಿದು ಚಿಮ್ಮುವುದನ್ನೂ ಸೇರಿಸಿ, ಅನುಸರಿಸುವ ವಿಧಾನವದು. ಆಗ ಮಾರುಕಟ್ಟೆಯಲ್ಲಿದ್ದ ಅತಿ ಬಲಿಷ್ಠ ಗೇಮಿಂಗ್ ಕಾರ್ಡ್ ಆರ್‌ಟಿಎಕ್ಸ್ 4090 ಕೂಡ 4ಕೆಯಲ್ಲಿ, ಬೇರೆ ಯಾವ ನೆರವೂ ಇಲ್ಲದೆ, ಸೆಕೆಂಡಿಗೆ 20 ಫ್ರೇಮ್ ಮುಟ್ಟಲು ತಿಣುಕುತ್ತಿತ್ತು.

ಅಂದರೆ 2020ರ ಪ್ಲೇಸ್ಟೇಷನ್ 4 ಮತ್ತು 2023ರ ಅತಿ ಬಲಿಷ್ಠ ಕಾರ್ಡ್ ಎರಡೂ ಒಂದೇ ಗೇಮಿನಲ್ಲಿ ಒಂದೇ ಅಂಕಿಯ ಆಸುಪಾಸಿಗೆ ಬಂದು ನಿಂತವು. ಪಟ್ಟಿಯಲ್ಲಿ ಎರಡನ್ನೂ ಅಕ್ಕಪಕ್ಕ ಬರೆದರೆ ವ್ಯತ್ಯಾಸವೇ ಇಲ್ಲ. ಆದರೆ ಕಾರ್ಡಿನ ಇಪ್ಪತ್ತು ಬಹುಮಟ್ಟಿಗೆ ಸಮನಾದ ಇಪ್ಪತ್ತು: ಪ್ರತಿ ಫ್ರೇಮಿಗೂ ಹೆಚ್ಚುಕಡಿಮೆ ಅಷ್ಟೇ ಕಾಲ, ನಿಂತರೂ ಓಡಿದರೂ. ಪಿಕ್ಸೆಲ್ ಕಡಿಮೆ ಮಾಡಿದ ತಕ್ಷಣ ಅದು ಏರುತ್ತದೆ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಪರ್ಫಾರ್ಮೆನ್ಸ್ ಆಯ್ಕೆ 4ಕೆ ಚಿತ್ರವನ್ನು ಒಳಗೆ 1080ಪಿಯಲ್ಲಿ ಬಿಡಿಸಿ ಆಮೇಲೆ ಹಿಗ್ಗಿಸುತ್ತದೆ, ನಾಲ್ಕನೆಯ ಒಂದು ಭಾಗ ಪಿಕ್ಸೆಲ್‌ಗಳು. ಫ್ರೇಮ್ ದರ ಹಲವು ಪಟ್ಟು ನೆಗೆಯುತ್ತದೆ. ಪ್ಲೇಸ್ಟೇಷನ್ 4ರ ಇಪ್ಪತ್ತು ಹಾಗಲ್ಲ. ಪಿಕ್ಸೆಲ್ ಕಡಿಮೆ ಮಾಡಿಯಾಗಿತ್ತು, ಅದು ಏಳಲಿಲ್ಲ. ಒಂದು ಯಂತ್ರದ ಕೆಲಸ ಹೆಚ್ಚಾಯಿತು; ಇನ್ನೊಂದು ಕೆಲಸದ ಸಾಮಗ್ರಿಗಾಗಿ ಕಾಯುತ್ತಿತ್ತು.

ಡಿಎಲ್‌ಎಸ್‌ಎಸ್ 3ರ ಫ್ರೇಮ್ ಸೃಷ್ಟಿಯ ಬಗ್ಗೆ ಇಲ್ಲೇ ಒಂದು ಮಾತು. ಎರಡು ನಿಜವಾದ ಫ್ರೇಮ್‌ಗಳ ನಡುವೆ ಕಾರ್ಡ್ ತಾನೇ ಊಹಿಸಿ ಒಂದನ್ನು ಸೇರಿಸುತ್ತದೆ. ಕಣ್ಣಿಗೆ ನುಣುಪು, ಆದರೆ ಆ ನಡುವಿನ ಫ್ರೇಮ್ ಆಟಗಾರನ ಬೆರಳಿನ ಆಜ್ಞೆಯನ್ನು ಕೇಳಿಸಿಕೊಂಡಿರುವುದಿಲ್ಲ. ಆ ಫ್ರೇಮನ್ನೂ ಸೇರಿಸಿ ಎಣಿಸಿದ 100 ಮತ್ತು ಕನ್ಸೋಲ್‌ನ 60 ಇವುಗಳನ್ನು ಒಂದೇ ಪಟ್ಟಿಯಲ್ಲಿ ಹಾಕುವುದು ಹೋಲಿಕೆಯಲ್ಲ, ಜಾಹೀರಾತು.

ಕೈಯಲ್ಲಿ ಹಿಡಿದ ನೈಟ್ ಸಿಟಿ

2025ರ ಜೂನ್ 5ರಂದು ನಿಂಟೆಂಡೊ ಸ್ವಿಚ್ 2 ಬಂದ ದಿನವೇ ಫ್ಯಾಂಟಮ್ ಲಿಬರ್ಟಿ ಸಮೇತ ಸೈಬರ್‌ಪಂಕ್ 2077 ಅದರಲ್ಲಿ ಬಂತು, 64 ಜಿಬಿಯ ಕಾರ್ಟ್ರಿಜ್‌ನಲ್ಲಿ. ಟೆರಾಫ್ಲಾಪ್‌ಗಳನ್ನೇ ನಂಬಿದವರಿಗೆ ಇದು ಬಿಡಿಸಲಾಗದ ಒಗಟು. ಟಿವಿಗೆ ಜೋಡಿಸದೆ ಕೈಯಲ್ಲಿ ಹಿಡಿದಾಗ ಈ ಯಂತ್ರದ ಗ್ರಾಫಿಕ್ಸ್ ಚಿಪ್ ಸುಮಾರು 1.7 ಟೆರಾಫ್ಲಾಪ್, ಪ್ಲೇಸ್ಟೇಷನ್ 4ರದು 1.84. ಮೆಮೊರಿಯ ವೇಗದಲ್ಲೂ ಪ್ಲೇಸ್ಟೇಷನ್ 4 ಮುಂದಿದೆ. ಬೇರೆ ಬೇರೆ ತಲೆಮಾರಿನ ಚಿಪ್‌ಗಳ ಟೆರಾಫ್ಲಾಪ್ ಅನ್ನು ನೇರವಾಗಿ ತೂಗಲಾಗದು, ನಿಜ. ಆದರೂ 2013ರ ಯಂತ್ರಕ್ಕೆ ಅಸಾಧ್ಯವೆಂದು ಕೈಬಿಟ್ಟ ವಿಸ್ತರಣೆ ಅಂಗೈ ಅಗಲದ ಯಂತ್ರದಲ್ಲಿ ಓಡುತ್ತಿದೆ.

ವ್ಯತ್ಯಾಸ ಪಿಕ್ಸೆಲ್ ಬಿಡಿಸುವ ಶಕ್ತಿಯ ಹೊರಗಿದೆ: ತಿರುಗುವ ಡಿಸ್ಕಿನ ಬದಲು ಫ್ಲ್ಯಾಶ್ ಸಂಗ್ರಹ, ಜಾಗ್ವಾರ್‌ಗಿಂತ ಎಷ್ಟೋ ಚುರುಕಾದ ಎಂಟು ಎಆರ್‌ಎಂ ಕೋರ್‌ಗಳು, 12 ಜಿಬಿ ಮೆಮೊರಿ, ಕಡಿಮೆ ಪಿಕ್ಸೆಲ್‌ಗಳನ್ನು ಹಿಗ್ಗಿಸಲು ಡಿಎಲ್‌ಎಸ್‌ಎಸ್. ಇವುಗಳ ಜೊತೆಗೆ ನಾಲ್ಕೂವರೆ ವರ್ಷಗಳ ತಿದ್ದುಪಡಿ ಕಂಡ ಗೇಮ್.

ಸ್ವಿಚ್ 2ರಲ್ಲಿ 30 ಫ್ರೇಮ್‌ನ ಗುಣಮಟ್ಟದ ಆಯ್ಕೆಯ ಜೊತೆಗೆ 40 ಫ್ರೇಮ್‌ನ ಇನ್ನೊಂದಿದೆ. 40 ಎಂಬುದು ವಿಚಿತ್ರ ಅಂಕಿಯಂತೆ ಕಾಣಬಹುದು. ಕಾಲಕ್ಕೆ ತಿರುಗಿಸಿ ನೋಡಿ: 30ಕ್ಕೆ 33.3 ಮಿಲಿಸೆಕೆಂಡ್, 60ಕ್ಕೆ 16.7, 40ಕ್ಕೆ 25. ಎರಡರ ಸರಿ ಮಧ್ಯ. ಪರದೆ ಸೆಕೆಂಡಿಗೆ 120 ಸಲ ಬದಲಾಗುವುದಾದರೆ ಪ್ರತಿ ಫ್ರೇಮ್ ಮೂರು ಸಲ ನಿಂತು ಸಮನಾಗಿ ಸಾಗುತ್ತದೆ. ಹತ್ತೇ ಫ್ರೇಮ್ ಹೆಚ್ಚು, ಆದರೆ 60ರತ್ತ ಅರ್ಧ ದಾರಿ ಕ್ರಮಿಸಿದಂತೆ. ಕೈಯಲ್ಲಿ ಹಿಡಿದಾಗ ಈ ಆಯ್ಕೆಯ ಗುರಿ 720ಪಿ. ಪ್ಲೇಸ್ಟೇಷನ್ 4ರ ತಳಮಟ್ಟವೂ ಅದೇ ಆಗಿತ್ತು.

ಹಾಗೆಂದು ಇಲ್ಲಿ ಎಲ್ಲವೂ ನಯವಾಗಿ ಸಾಗುತ್ತದೆ ಎಂದಲ್ಲ. ಮೂಲ ನಗರದ ಬಹುಭಾಗದಲ್ಲಿ ಯಂತ್ರ ತನ್ನ ಗುರಿಯನ್ನು ಬಹುಮಟ್ಟಿಗೆ ಹಿಡಿದುಕೊಳ್ಳುತ್ತದೆ. ವಿಸ್ತರಣೆಯ ಡಾಗ್‌ಟೌನ್‌ಗೆ ಕಾಲಿಟ್ಟರೆ ಎಡವುತ್ತದೆ. ಆ ಬಡಾವಣೆಯನ್ನು ಕಟ್ಟಿದ್ದು ಎಸ್‌ಎಸ್‌ಡಿ ಮತ್ತು ಹೊಸ ಪ್ರೊಸೆಸರ್ ಇರುವ ಯಂತ್ರಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು. ಸ್ವಿಚ್ 2 ಕೊಳ್ಳುವ ಮುಂಚೆ ಈ ಗೇಮಿನ ಹೋಲಿಕೆಯ ವೀಡಿಯೊ ನೋಡುವವರು ಎರಡು ಚಿತ್ರಗಳ ನಡುವಿನ ಗೆರೆಯನ್ನು ಬಿಟ್ಟು, ಡಾಗ್‌ಟೌನ್‌ನ ಸಂತೆಯಲ್ಲಿ ಯಾರಾದರೂ ಓಡುತ್ತಿರುವ ಭಾಗಕ್ಕೆ ನೇರವಾಗಿ ಹೋಗಿ, ಫ್ರೇಮ್ ಕಾಲದ ರೇಖೆಯನ್ನು ನೋಡಿದರೆ ಸಾಕು.